ಎಂಟು ಊಹೆ ಸರಿಯಾದರೂ ದುಡ್ಡು ಹೋದದ್ದೇಕೆ?

ಪ್ರಶ್ನೆ: ನಾವು ಐದಾರು ಗೆಳೆಯರು ಭಾನುವಾರ ಬೆಳಿಗ್ಗೆ ಒಂದೆಡೆ ಸೇರಿ ಯುಎಫ್‌ಸಿ (ಕುಸ್ತಿ, ಬಾಕ್ಸಿಂಗ್ ಮೊದಲಾದವು ಬೆರೆತ ಮಿಶ್ರ ಸಮರ ಕಲೆಯ ಕೂಟ ನಡೆಸುವ ಅಮೆರಿಕದ ಸಂಸ್ಥೆ) ಕಾಳಗಗಳನ್ನು ನೋಡುತ್ತೇವೆ. ಯಾರು ಗೆಲ್ಲುತ್ತಾರೆಂದು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ರೂಢಿ. ಕಳೆದ ತಿಂಗಳು ಹನ್ನೆರಡು ಕಾಳಗಗಳ ಪೈಕಿ ಎಂಟು ಊಹೆಗಳು ಸರಿಯಾದವು. ಗೆಲ್ಲುವುದು ಖಚಿತವೆಂದು ಎಲ್ಲರೂ ಹೇಳುತ್ತಿದ್ದವರ ಮೇಲೆಯೇ, ಸುಮಾರು 1.25ರ ದರದಲ್ಲಿ, ಗೆಳೆಯನ ಆ್ಯಪ್‌ನಿಂದ ತಲಾ ನೂರು ರೂಪಾಯಿ ಕಟ್ಟಿದ್ದೆವು. ಆದರೂ 200 ರೂಪಾಯಿ ಹೋಯಿತು. ಅಲ್ಲದೆ, ಎದುರಾಳಿಯನ್ನು ಮೂರು ಸಲ ಕೆಡವಿದ ಕುಸ್ತಿಪಟುವೊಬ್ಬ ಅಂಕಗಳ ಮೇಲೆ ಸೋತ. ಗರಡಿಯಲ್ಲಿ ಪಳಗಿದ ನಮ್ಮಜ್ಜ ಆ ತೀರ್ಪನ್ನು ಒಪ್ಪುವುದೇ ಇಲ್ಲ. ಊಹೆಗಳನ್ನು ಹೇಗೆ ಒರೆಗೆ ಹಚ್ಚಬೇಕು? ಮುಂದಿನ ಸಲ ಮೊತ್ತ ಹೆಚ್ಚಿಸಿದರೆ ಕಳೆದದ್ದು ಬರುತ್ತದೆಯೇ?
— ಓದುಗರೊಬ್ಬರು, ವಿನೋಬನಗರ, ದಾವಣಗೆರೆ

ಉತ್ತರ: ಮೊದಲು ದುಡ್ಡಿನ ಲೆಕ್ಕವನ್ನು ಮುಗಿಸಿಬಿಡೋಣ, ಏಕೆಂದರೆ ಅದು ಚಿಕ್ಕದು. 1.25ರ ದರವೆಂದರೆ ನೂರು ಕಟ್ಟಿ ಗೆದ್ದಾಗ ಅಸಲೂ ಸೇರಿ ಕೈಗೆ ಬರುವುದು 125 ರೂಪಾಯಿ. ಎಂಟು ಗೆಲುವಿಗೆ 1,000 ಬಂತು. ಹನ್ನೆರಡಕ್ಕೆ ನೀವು ಕಟ್ಟಿದ್ದು 1,200. ಆ ದರದಲ್ಲಿ ಕೈ ಕಚ್ಚದೆ ಉಳಿಯಬೇಕಾದರೆ ನೂರಕ್ಕೆ 80 ಊಹೆಗಳು ನಿಜವಾಗಬೇಕು. ನಿಮ್ಮವು ನಿಜವಾದದ್ದು ನೂರಕ್ಕೆ 67ರಷ್ಟು. ನೋಡುವ ಕಣ್ಣಿಗೆ ಇದು ಒಳ್ಳೆಯ ಫಲಿತಾಂಶವೇ, ಆದರೆ ದರವು ಅದಕ್ಕಿಂತ ಹೆಚ್ಚಿನದನ್ನು ಕೇಳುತ್ತಿತ್ತು. ಇದರ ಮೇಲೆ ಆ್ಯಪ್‌ನವರ ಪಾಲೂ ದರದೊಳಗೇ ಅಡಗಿರುತ್ತದೆ. ಸರಿಸಮಾನರೆಂದು ಎಣಿಸಿದ ಇಬ್ಬರಿಗೂ ಅವರು 1.90ರ ದರ ಕೊಟ್ಟಿದ್ದಾರೆಂದು ಇಟ್ಟುಕೊಳ್ಳಿ. ಇಬ್ಬರ ಮೇಲೂ ನೂರು ನೂರು ಕಟ್ಟಿದರೆ ಯಾರೇ ಗೆದ್ದರೂ 200 ಹೋಗಿ 190 ಬರುತ್ತದೆ. ಮೊತ್ತವನ್ನು ಹೆಚ್ಚಿಸುವುದರಿಂದ ಈ ಲೆಕ್ಕದ ದಿಕ್ಕು ಬದಲಾಗುವುದಿಲ್ಲ, ಹೋಗುವ ಮೊತ್ತವಷ್ಟೇ ದೊಡ್ಡದಾಗುತ್ತದೆ. ಆದ್ದರಿಂದ ಹಣ ಕಟ್ಟುವುದನ್ನು ನಿಲ್ಲಿಸಿ ಎಂಬುದೇ ನನ್ನ ನೇರ ಸಲಹೆ. ನೋಟ್‌ಬುಕ್ಕನ್ನು ಮಾತ್ರ ದಯವಿಟ್ಟು ಬಿಡಬೇಡಿ.

ನಿಮ್ಮ ಅಜ್ಜನವರ ಆಕ್ಷೇಪ ಇದಕ್ಕಿಂತ ಹೆಚ್ಚು ತೂಕದ್ದು. ನಮ್ಮ ದುಗ್ಗಮ್ಮನ ಜಾತ್ರೆಯ ಕುಸ್ತಿ ಕಣದಲ್ಲಿ ಬೆನ್ನು ಮಣ್ಣಿಗೆ ತಾಗಿತೆಂದರೆ ಚಿತ್, ಅಲ್ಲಿಗೆ ಜೋಡಿ ಮುಗಿಯಿತು. ಆ ಕಣ್ಣಿನಿಂದ ನೋಡುವವರಿಗೆ ಮೂರು ಸಲ ಕೆಡವಿದವನು ಮೂರು ಸಲ ಗೆದ್ದಂತೆಯೇ ಸರಿ. ಯುಎಫ್‌ಸಿಯ ಮಿಶ್ರ ಸಮರ ಕಲೆಯಲ್ಲಾದರೋ (ಎಂಎಂಎ) ಕೆಡವಿದ ಮೇಲೆ ಏನಾಯಿತು ಎಂಬುದರಿಂದ ಲೆಕ್ಕ ಶುರುವಾಗುತ್ತದೆ. ತೀರ್ಪುಗಾರರು ಸುತ್ತು ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9 ಅಂಕ ಕೊಡುತ್ತಾರೆ. ಹೊಡೆತ ಮತ್ತು ಹಿಡಿತಗಳು ಎದುರಾಳಿಯ ಮೇಲೆ ಎಷ್ಟು ಪರಿಣಾಮ ಬೀರಿದವು ಎಂಬುದೇ ಅವರು ನೋಡುವ ಮೊದಲ ಅಳತೆ. ಅದರಲ್ಲಿ ಇಬ್ಬರೂ ಸಮಾನರೆನಿಸಿದಾಗ ಮಾತ್ರ ಯಾರು ಮುನ್ನುಗ್ಗಿದರು ಎಂಬುದನ್ನೂ, ಅಲ್ಲಿಯೂ ಸಮವಾದರೆ ಕಣವನ್ನು ಯಾರು ಹಿಡಿತದಲ್ಲಿ ಇಟ್ಟುಕೊಂಡಿದ್ದರು ಎಂಬುದನ್ನೂ ಪರಿಗಣಿಸುತ್ತಾರೆ. ಕೆಡವಿ ಮೇಲೆ ಕುಳಿತವನು ಹೊಡೆಯಲೂ ಇಲ್ಲ, ಪಟ್ಟು ಹಾಕಲೂ ಇಲ್ಲ, ಇತ್ತ ಕೆಳಗಿದ್ದವನು ಎದ್ದು ನಿಂತು ನಾಲ್ಕು ಬಲವಾದ ಏಟು ಕೊಟ್ಟ ಎಂದಾದರೆ ಆ ಸುತ್ತು ಎದ್ದವನದೇ.

ಈ ಮಾತಿಗೆ ಅಜ್ಜನವರು ಮೆಚ್ಚಬಹುದಾದ ಒಂದು ಹಳೆಯ ಉದಾಹರಣೆಯಿದೆ. 1994ರ ಡಿಸೆಂಬರಿನಲ್ಲಿ ನಡೆದ ಯುಎಫ್‌ಸಿಯ ನಾಲ್ಕನೆಯ ಕೂಟದ ಅಂತಿಮ ಕಾಳಗದಲ್ಲಿ ಡ್ಯಾನ್ ಸೆವರ್ನ್ ಎಂಬ ಭಾರಿ ಮೈಕಟ್ಟಿನ ಅಮೆರಿಕದ ಕುಸ್ತಿಪಟು, ತನಗಿಂತ ತೀರ ಹಗುರವಾದ ಬ್ರೆಜಿಲ್‌ನ ರಾಯ್ಸ್ ಗ್ರೇಸಿಯನ್ನು ಕೆಡವಿ ಬಹುಹೊತ್ತು ಅವರ ಮೇಲೆಯೇ ಇದ್ದರು. ಬೆನ್ನ ಮೇಲೆ ಮಲಗಿಯೇ ಕಾದಿದ್ದ ಗ್ರೇಸಿ, ಸುಮಾರು ಹದಿನೈದು ನಿಮಿಷ ಕಳೆದ ಮೇಲೆ ಎರಡೂ ಕಾಲುಗಳ ನಡುವೆ ಸೆವರ್ನ್ ಅವರ ಕತ್ತನ್ನೂ ಒಂದು ತೋಳನ್ನೂ ಸಿಕ್ಕಿಸಿ ಅಮುಕಿದರು, ಸೆವರ್ನ್ ಸೋಲೊಪ್ಪಿಕೊಂಡರು. ಕುಸ್ತಿ ಬಲ್ಲವರು ಈ ಪಟ್ಟನ್ನು ನೋಡಿದ ಕೂಡಲೇ ಅದರ ತರ್ಕವನ್ನು ಗ್ರಹಿಸುತ್ತಾರೆ, ಏಕೆಂದರೆ ಎದುರಾಳಿಯ ಭಾರವನ್ನೇ ಅವನ ಮೇಲೆ ತಿರುಗಿಸುವುದು ಗರಡಿಯ ಪಾಠವೂ ಹೌದು. ನಿಮ್ಮ ಭಾನುವಾರದ ಬೈಠಕ್ಕಿಗೆ ಅಜ್ಜನವರನ್ನು ಕೂರಿಸಿಕೊಳ್ಳಿ. ಕಾಲಿಡುವ ಜಾಗ, ಸೊಂಟದ ಎತ್ತರ, ಉಸಿರು ಕಟ್ಟುವ ಹೊತ್ತು, ಇವನ್ನು ನಿಮಗಿಂತ ಮೊದಲು ಅವರು ಕಾಣುತ್ತಾರೆಂಬ ಭರವಸೆ ನನಗಿದೆ.

ಇನ್ನು ಊಹೆಗಳನ್ನು ಒರೆಗೆ ಹಚ್ಚುವ ವಿಷಯ. ಗೆದ್ದವರ ಹೆಸರಿನ ಮುಂದೆ ಸರಿ ಗುರುತು, ಸೋತವರ ಮುಂದೆ ತಪ್ಪು ಗುರುತು ಹಾಕಿ ಮುಗಿಸಿದರೆ ಏನೂ ಕಲಿತಂತಾಗುವುದಿಲ್ಲ. ಯಾರು ಗೆಲ್ಲುತ್ತಾರೆ ಎಂಬುದರ ಜೊತೆಗೆ ಏಕೆ, ಹೇಗೆ ಗೆಲ್ಲುತ್ತಾರೆ ಎಂಬುದನ್ನು ಕಾಳಗಕ್ಕೆ ಮೊದಲೇ ಎರಡು ಸಾಲಿನಲ್ಲಿ ಬರೆಯಿರಿ. ಮುಗಿದ ಮೇಲೆ ಆ ಕಾರಣ ನಿಜವಾಯಿತೇ ಎಂದು ನೋಡಿ. 2022ರ ಆಗಸ್ಟ್ 20ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಕಮಾರು ಉಸ್ಮಾನ್ ಮತ್ತು ಲಿಯಾನ್ ಎಡ್ವರ್ಡ್ಸ್ ಎದುರಾದಾಗ ಉಸ್ಮಾನ್ ಗೆಲ್ಲುತ್ತಾರೆಂದು ಬರೆದವರ ಕಾರಣಗಳು ಗಟ್ಟಿಯಾಗಿದ್ದವು: 2015ರಲ್ಲಿ ಅವರು ಎಡ್ವರ್ಡ್ಸ್‌ರನ್ನು ಸೋಲಿಸಿದ್ದರು, ಈ ಸಲವೂ ನಾಲ್ಕು ಸುತ್ತುಗಳ ಬಳಿಕ ಮೂವರು ತೀರ್ಪುಗಾರರ ಪಟ್ಟಿಯಲ್ಲೂ ಅವರೇ ಮುಂದಿದ್ದರು. ಐದನೆಯ ಸುತ್ತು ಮುಗಿಯಲು ಒಂದು ನಿಮಿಷವೂ ಉಳಿದಿರದಾಗ ಎಡ್ವರ್ಡ್ಸ್ ಅವರ ಎಡಗಾಲಿನ ಒದೆತ ತಲೆಗೆ ಬಿದ್ದು ಉಸ್ಮಾನ್ ಕುಸಿದರು. ಆ ಊಹೆಯ ಫಲ ತಪ್ಪಾಯಿತು, ಆದರೆ ಅದರ ಹಿಂದಿನ ಓದು ಬಹುಪಾಲು ಸರಿಯಾಗಿತ್ತು. ಇಂಥದ್ದಕ್ಕೆ ನೋಟ್‌ಬುಕ್ಕಿನಲ್ಲಿ ಬೇರೆಯೇ ಗುರುತು ಬೇಕು.

ಇದಕ್ಕೆ ತಿರುವುಮುರುವಾದದ್ದು ಇನ್ನೂ ಮುಖ್ಯ. 2024ರ ಜೂನ್ 8ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಉತ್ತರ ಪ್ರದೇಶದ ಪೂಜಾ ತೋಮರ್ ಬ್ರೆಜಿಲ್‌ನ ರಯಾನೆ ಡೋಸ್ ಸಾಂಟೋಸ್ ಅವರನ್ನು ಸೋಲಿಸಿ, ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಆ ಸುದ್ದಿ ಕೇಳಿದಾಗ ನನಗೂ ಹೆಮ್ಮೆಯಾಯಿತು. ಆದರೆ ತೀರ್ಪುಗಾರರ ಪಟ್ಟಿ ನೋಡಿ: ಒಬ್ಬರು ಪೂಜಾ ಅವರಿಗೆ 30-27, ಇನ್ನೊಬ್ಬರು ಎದುರಾಳಿಗೆ 30-27, ಮೂರನೆಯವರು ಪೂಜಾ ಅವರಿಗೆ 29-28 ಕೊಟ್ಟರು. ಒಬ್ಬರು ಮೂರೂ ಸುತ್ತು ಇವರದೆಂದರೆ ಇನ್ನೊಬ್ಬರು ಮೂರೂ ಅವರದೆಂದರು! ಪೂಜಾ ಗೆಲ್ಲುತ್ತಾರೆಂದು ಬರೆದವರು ಅದನ್ನು ತಮ್ಮ ಜಾಣ್ಮೆಯ ಲೆಕ್ಕಕ್ಕೆ ಪೂರ್ತಿಯಾಗಿ ಸೇರಿಸಿಕೊಳ್ಳುವಂತಿಲ್ಲ. ಅದು ಎತ್ತ ಬೇಕಾದರೂ ವಾಲಬಹುದಾಗಿದ್ದ ಕಾಳಗ. ನಿಮ್ಮ ಎಂಟು ಸರಿ ಊಹೆಗಳಲ್ಲಿ ಇಂಥವು ಎಷ್ಟಿವೆ ಎಂದು ಎಣಿಸಿ, ನಿಮ್ಮ ನೈಜ ಬಲ ಆಗ ಗೊತ್ತಾಗುತ್ತದೆ.

ನಮ್ಮವರೆಂಬ ಮಮತೆಯನ್ನೂ ಪ್ರತ್ಯೇಕವಾಗಿ ಗುರುತಿಸಿಕೊಳ್ಳಬೇಕು. 2023ರ ಅಕ್ಟೋಬರಿನಲ್ಲಿ ಅಬುಧಾಬಿಯಲ್ಲಿ ಭಾರತದ ಅಂಶುಲ್ ಜುಬ್ಲಿ ಎದುರಿಸಿದ ಮೈಕ್ ಬ್ರೀಡನ್ ಯುಎಫ್‌ಸಿಯಲ್ಲಿ ಅಲ್ಲಿಯವರೆಗೆ ಒಂದು ಕಾಳಗವನ್ನೂ ಗೆದ್ದಿರಲಿಲ್ಲ. ನಮ್ಮಲ್ಲಿ ಬಹಳ ಮಂದಿ ಅಲ್ಲಿಗೇ ಓದು ನಿಲ್ಲಿಸಿದರು. ಏಟು ತಿಂದರೂ ಹಿಂಜರಿಯದೆ ಮುಂದೆ ಬರುವವನೆದುರು ಜುಬ್ಲಿಯವರ ದಮ್ಮು ಮೂರನೆಯ ಸುತ್ತಿನವರೆಗೂ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳಿಕೊಂಡವರು ಕಡಿಮೆ. ಕಾಳಗ ಮುಗಿದದ್ದು ಮೂರನೆಯ ಸುತ್ತಿನಲ್ಲೇ, ಬ್ರೀಡನ್ ಅವರ ಮುಷ್ಟಿಯಿಂದ.

ಪ್ರಶ್ನೆ: ಪದವಿ ಓದುತ್ತಿರುವ ನನ್ನ ತಮ್ಮ ನಾಲ್ಕು ಕಾಳಗಗಳನ್ನು ಒಟ್ಟಿಗೆ ಸೇರಿಸಿ ಆ್ಯಪ್‌ನಲ್ಲಿ ಹಣ ಕಟ್ಟುತ್ತಾನೆ. ಬೈದರೆ ‘ಇದು ಕೌಶಲದ ಆಟ, ಹೈಕೋರ್ಟೇ ಒಪ್ಪಿದೆ’ ಎನ್ನುತ್ತಾನೆ. ಈಗ ಗೆದ್ದ ಹಣ ಬಿಡಿಸಿಕೊಳ್ಳಲು ಮೊದಲು ‘ತೆರಿಗೆ’ ಕಟ್ಟಬೇಕೆಂಬ ಸಂದೇಶ ಬಂದಿದ್ದು, ನನ್ನ ಬಳಿ ಸಾಲ ಕೇಳುತ್ತಿದ್ದಾನೆ. ಏನು ಮಾಡಲಿ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಸಾಲ ಕೊಡಬೇಡಿ. ಗೆದ್ದ ಹಣ ಕೊಡಲು ಮೊದಲು ಹಣ ಕೇಳುವುದು ವಂಚಕರ ರೂಢಿಯ ದಾರಿ. ಪಾವತಿಯ ವಿವರ, ಸಂದೇಶಗಳ ಚಿತ್ರಗಳನ್ನು ಉಳಿಸಿಕೊಂಡು ಇಂದೇ ಸೈಬರ್ ವಂಚನೆಯ 1930 ಸಹಾಯವಾಣಿಗೆ ಕರೆ ಮಾಡಿ, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ದೂರು ಕೊಡಿ. ಕಟ್ಟಿದ ಹಣ ಇನ್ನೂ ಬ್ಯಾಂಕ್ ಖಾತೆಯೊಂದರಲ್ಲಿ ಉಳಿದಿದ್ದರೆ ಅದನ್ನು ತಡೆಹಿಡಿಸುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು.

ತಮ್ಮನ ವಾದದಲ್ಲಿ ಅರ್ಧ ಸತ್ಯವಿದೆ. ಆನ್‌ಲೈನ್ ಆಟಗಳನ್ನು ನಿಷೇಧಿಸಲು 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಆದರೆ ಆ ತೀರ್ಪು ಕೌಶಲದ ಆಟಗಳನ್ನು ಕುರಿತದ್ದು. ಇನ್ನಾರೋ ಕಾದಾಡುವ ಕಾಳಗದ ಫಲಿತಾಂಶಕ್ಕೆ ಹಣ ಕಟ್ಟುವ ಬೆಟ್ಟಿಂಗ್‌ಗೆ ಅದು ಪರವಾನಗಿ ಕೊಟ್ಟಿರಲಿಲ್ಲ. ಮೇಲಾಗಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಲ್ಲಿ ಕೌಶಲ, ಅದೃಷ್ಟ ಎಂಬ ಭೇದವನ್ನೇ ಇಟ್ಟುಕೊಂಡಿಲ್ಲ. ಅವನ್ನು ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡವನ್ನು ಅದು ಹೇಳುತ್ತದೆ. ಆಡಿದವರಿಗೆ ಆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲವಾದ್ದರಿಂದ, ಹೆದರಿಕೊಂಡು ದೂರನ್ನು ಮುಂದೂಡಬೇಡಿ.

ನಾಲ್ಕನ್ನು ಸೇರಿಸಿ ಕಟ್ಟುವ ಲೆಕ್ಕವನ್ನು ತಮ್ಮನ ಎದುರಿಗೇ ಕುಳಿತು ಬಿಡಿಸಿ ತೋರಿಸಿ. ತಲಾ 1.25ರ ನಾಲ್ಕು ದರಗಳನ್ನು ಗುಣಿಸಿದರೆ ನೂರಕ್ಕೆ 244 ರೂಪಾಯಿ ಬರುತ್ತದೆಂದು ಕಾಣುತ್ತದೆ. ಆದರೆ ದಾವಣಗೆರೆಯ ಓದುಗರಂತೆ ಮೂರಕ್ಕೆ ಎರಡು ಊಹೆ ಸರಿಯಾಗುವವನಿಗೂ ನಾಲ್ಕೂ ಒಟ್ಟಿಗೆ ಕೂಡಿಬರುವ ಸಂಭವ ನೂರರಲ್ಲಿ 20 ಮಾತ್ರ. ಒಂದು ಬಿಟ್ಟರೂ ನಾಲ್ಕೂ ಹೋದಂತೆಯೇ.

ಕಟ್ಟದೆ ಇರಲಾಗುವುದಿಲ್ಲ, ನಿದ್ದೆ ಬರುವುದಿಲ್ಲ, ಮನೆಯಲ್ಲಿ ಸುಳ್ಳು ಹೇಳುತ್ತಾನೆ ಎಂಬ ಲಕ್ಷಣಗಳಿದ್ದರೆ ಬೈಗುಳದಿಂದ ಪ್ರಯೋಜನವಾಗದು. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಆಪ್ತ ಸಮಾಲೋಚನೆ ಉಚಿತವಾಗಿ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಆನ್‌ಲೈನ್ ಆಟಗಳ ಗೀಳಿಗೆಂದೇ ಶಟ್ ಎಂಬ ಕ್ಲಿನಿಕ್ ಇದೆ. ಮೊದಲ ಕರೆಯನ್ನು ನೀವೇ ಮಾಡಿ, ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು.