ತಾರಸಿಯ ನೀರು ಸಂಪಿಗೆ, ಮಿಕ್ಕಿದ್ದು ಬಾವಿಗೆ

ಪ್ರಶ್ನೆ: ನಮ್ಮದು 30x40 ನಿವೇಶನದ ಮನೆ. ತಾರಸಿ ಸುಮಾರು ಸಾವಿರ ಚದರ ಅಡಿ ಇದೆ. ಬೇಸಿಗೆಯಲ್ಲಿ ಟ್ಯಾಂಕರೇ ಗತಿ. ಮಳೆನೀರು ಹಿಡಿದರೆ ಎಷ್ಟು ಸಿಕ್ಕೀತು? ಡ್ರಮ್ ಫಿಲ್ಟರ್ ಸಾಕೇ?
– ಓದುಗರು, ಬೆಂಗಳೂರು

ಉತ್ತರ: ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ತಾರಸಿ 93 ಚದರ ಮೀಟರ್. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿ.ಮೀ. ಆಸುಪಾಸು. ಆವಿಯಾಗುವುದು, ಸೋರುವುದು, ಹೊರಗೆ ಬಿಡುವುದು ಎಲ್ಲ ಕಳೆದರೂ ವರ್ಷಕ್ಕೆ 70 ಸಾವಿರ ಲೀಟರ್ ಕೈಗೆ ಬರುತ್ತದೆ. ಆದರೆ ಅದು ಒಟ್ಟಿಗೆ ಬರುವುದಿಲ್ಲ. ಆರು ಸಾವಿರ ಲೀಟರಿನ ಸಂಪು 80 ಮಿ.ಮೀ. ಮಳೆಗೇ ತುಂಬಿಹೋಗುತ್ತದೆ. ಹಾಗಾಗಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಟ್ಯಾಂಕರ್ ಖರ್ಚು ಚೆನ್ನಾಗಿ ಇಳಿಯುತ್ತದೆ. ಮಾರ್ಚ್ ತಿಂಗಳ ಕೊರತೆಯನ್ನು ಸಂಪೊಂದರಿಂದಲೇ ನೀಗಿಸುವುದು ಆಗದ ಮಾತು.

ಫಿಲ್ಟರಿನ ವಿಷಯದಲ್ಲಿ ಹೆಚ್ಚಿನವರು ಎಡವುವುದು ನೀರಿನ ವೇಗದ ಲೆಕ್ಕದಲ್ಲಿ. ಗಂಟೆಗೆ 60 ಮಿ.ಮೀ. ರಭಸದ ಮಳೆಗೆ ನಿಮ್ಮ ತಾರಸಿಯಿಂದ ನಿಮಿಷಕ್ಕೆ 90 ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಡ್ರಮ್ಮಿಗೆ ನುಣ್ಣನೆಯ ಮರಳು ತುಂಬಿದರೆ ಅಷ್ಟು ನೀರನ್ನು ಅದು ಬಿಡುವುದೇ ಇಲ್ಲ, ಮೇಲಿಂದ ಉಕ್ಕಿ ಮೋರಿಗೆ ಹೋಗುತ್ತದೆ. ಅದಕ್ಕೇ 200 ಲೀಟರಿನ ಡ್ರಮ್ ತೆಗೆದುಕೊಳ್ಳಿ. ತಳದಲ್ಲಿ 40 ಮಿ.ಮೀ. ಗಾತ್ರದ ಜಲ್ಲಿ, ಅದರ ಮೇಲೆ 20 ಮಿ.ಮೀ. ಗಾತ್ರದ ಜಲ್ಲಿ, ಆಮೇಲೆ ಇದ್ದಿಲು, ಕೊನೆಗೆ ಅರ್ಧ ಅಡಿ ದಪ್ಪ ಮರಳು. ಪದರಗಳ ನಡುವೆ ನೈಲಾನ್ ಜಾಲರಿ ಇರಲಿ. ಮರಳು ದಪ್ಪ ಕಾಳಿನದಾಗಿರಬೇಕು. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ಆದರೆ ತೊಳೆದ ನೀರು ತಿಳಿಯಾಗುವವರೆಗೂ ತೊಳೆಯಿರಿ, ಇಲ್ಲವಾದರೆ ಅದರ ಪುಡಿಯೇ ಸಂಪಿಗೆ ಇಳಿಯುತ್ತದೆ.

ಮೊದಲ ಮಳೆಯ ಧೂಳುನೀರನ್ನು ಹೊರಗೆ ಬಿಡಲು, ಫಿಲ್ಟರಿಗೆ ಮುಂಚೆ ತಾರಸಿಯಿಂದ ಇಳಿಯುವ ಪೈಪಿಗೆ ಟಿ ಜಾಯಿಂಟ್ ಹಾಕಿ, ಕೆಳತುದಿಗೆ ವಾಲ್ವ್ ಕೂರಿಸಿ. ಬರೀ ಎಂಡ್ ಕ್ಯಾಪ್ ಹಾಕಿ ಸುಮ್ಮನಾಗುವವರುಂಟು. ನಾಲ್ಕಿಂಚಿನ ಆರಡಿ ಪೈಪು ಹಿಡಿಯುವುದು ಹೆಚ್ಚುಕಡಿಮೆ 15 ಲೀಟರ್ ಮಾತ್ರ, ನೀವು ಹೊರಗೆ ಬಿಡಬೇಕಾದ ಧೂಳುನೀರು ಕಡಿಮೆಯೆಂದರೂ 90 ಲೀಟರ್. ಬಹಳ ದಿನ ಒಣಗಿದ ಮೇಲೆ ಬರುವ ಮೊದಲ ಮಳೆಗೆ ವಾಲ್ವ್ ತೆರೆದಿಟ್ಟು, ನೀರು ತಿಳಿಯಾದ ಮೇಲೆ ಮುಚ್ಚಿ.

ಮಳೆಗಾಲಕ್ಕೆ ಮುಂಚೆ ತಾರಸಿ ಗುಡಿಸಬೇಕು, ಮರಳಿನ ಮೇಲಿನ ಒಂದಿಂಚು ಪದರ ತೆಗೆದು ತೊಳೆಯಬೇಕು. ಫಿಲ್ಟರ್ ಕೆಲಸ ಮಾಡುತ್ತಿಲ್ಲ ಎನ್ನುವ ದೂರಿನಲ್ಲಿ ಬಹುಪಾಲು ಈ ಕೆಲಸ ಆಗದೇ ಇರುವುದು.

ಪ್ರಶ್ನೆ: ಸಂಪು ತುಂಬಿ ಹರಿಯುವ ನೀರಿಗೆ ಇಂಗುಬಾವಿ ತೋಡಿಸಬೇಕೆಂದಿದ್ದೇವೆ. ಒಳಗೆ ಜಲ್ಲಿ ತುಂಬಬೇಕೆಂದು ಮೇಸ್ತ್ರಿ ಹೇಳುತ್ತಾರೆ. ಸರಿಯೇ?
– ಓದುಗರು, ತುಮಕೂರು

ಉತ್ತರ: ತುಂಬಬೇಡಿ. ಮೂರಡಿ ಅಗಲ, ಇಪ್ಪತ್ತಡಿ ಆಳದ ಬಾವಿ ಖಾಲಿಯಿದ್ದರೆ ಸುಮಾರು ನಾಲ್ಕು ಸಾವಿರ ಲೀಟರ್ ಹಿಡಿಯುತ್ತದೆ. ಜಲ್ಲಿ ತುಂಬಿದರೆ ಅರ್ಧಕ್ಕಿಂತ ಹೆಚ್ಚು ಜಾಗ ಕಲ್ಲಿಗೇ ಹೋಯಿತು. ಅದಕ್ಕಿಂತ ದೊಡ್ಡ ತೊಂದರೆ ಹೂಳಿನದು: ಕಲ್ಲುಗಳ ಸಂದಿಯಲ್ಲಿ ಕೂತ ಹೂಳು ತೆಗೆಯಬೇಕಾದರೆ ಇಡೀ ಬಾವಿ ಬರಿದು ಮಾಡಬೇಕು. ತೂತಿರುವ ಕಾಂಕ್ರೀಟ್ ರಿಂಗುಗಳನ್ನು ಇಳಿಸಿ, ರಿಂಗಿಗೂ ಮಣ್ಣಿಗೂ ನಡುವಿನ ಸಂದಿಗೆ ಮಾತ್ರ ಜಲ್ಲಿ ಹಾಕಿಸಿ. ತಳಕ್ಕೆ ಕಾಂಕ್ರೀಟ್ ಬೇಡ. ಬಾಯಿಗೆ ಭಾರ ತಡೆಯುವ ಮುಚ್ಚಳ ಇರಲೇಬೇಕು, ಮಕ್ಕಳು ಓಡಾಡುವ ಜಾಗವದು. ಶೌಚದ ಗುಂಡಿ ಹತ್ತು ಮೀಟರಿನೊಳಗೆ ಇದ್ದರೆ ಅಲ್ಲಿ ಬಾವಿ ತೋಡಿಸಲೇಬೇಡಿ. ತಾರಸಿ ನೀರನ್ನು ನೇರ ಕೊಳವೆಬಾವಿಯ ಕೇಸಿಂಗ್ ಪೈಪಿಗೆ ಬಿಡುವ ಸಲಹೆ ಯಾರೇ ಕೊಟ್ಟರೂ ಒಪ್ಪಬೇಡಿ. ಹಕ್ಕಿಯ ಹಿಕ್ಕೆಯ ಸಮೇತ ಅದು ಅಂತರ್ಜಲಕ್ಕೆ ಸೇರುತ್ತದೆ, ಕೆಟ್ಟ ಅಂತರ್ಜಲವನ್ನು ಸರಿಪಡಿಸುವುದು ಬಲು ಕಷ್ಟ.

ಪ್ರಶ್ನೆ: ಜೋರು ಮಳೆ ಬಂದಾಗಲೆಲ್ಲ ನೆಲಮಹಡಿಯ ಬಚ್ಚಲಿನಲ್ಲಿ ಕೊಳಚೆ ಮೇಲೆ ಬರುತ್ತದೆ. ಏಕೆ?
– ಓದುಗರು, ಮೈಸೂರು

ಉತ್ತರ: ಒಳಚರಂಡಿಯ ಪೈಪು ಮನೆಬಳಕೆಯ ನೀರಿಗೆ ಮಾತ್ರ ಅಳತೆ ಮಾಡಿ ಹಾಕಿದ್ದು. ಬೀದಿಯ ಹತ್ತು ಮನೆಯವರು ತಾರಸಿ ಪೈಪನ್ನು ಅದಕ್ಕೇ ಜೋಡಿಸಿದ್ದರೆ ಜೋರು ಮಳೆಗೆ ನಿಮಿಷಕ್ಕೆ ಸುಮಾರು ಸಾವಿರ ಲೀಟರ್ ನುಗ್ಗಿ, ತಗ್ಗಿನ ಮನೆಯಲ್ಲಿ ಉಕ್ಕುತ್ತದೆ. ಮೊದಲು ನಿಮ್ಮದೇ ತಾರಸಿ ಪೈಪಿಗೆ ಒಂದು ಬಕೆಟ್ ಬಣ್ಣದ ನೀರು ಸುರಿದು, ಅದು ಒಳಚರಂಡಿಯ ಚೇಂಬರಿನಲ್ಲಿ ಕಾಣುತ್ತದೆಯೇ ನೋಡಿ. ಕಂಡರೆ ಅಲ್ಲಿಂದ ಬಿಡಿಸಿ ಸಂಪಿಗೋ ಮಳೆನೀರಿನ ಚರಂಡಿಗೋ ತಿರುಗಿಸಿ. ನಿಮ್ಮದು ಸರಿಯಿದ್ದರೆ ಬೀದಿಯವರೆಲ್ಲ ಸೇರಿ ಇದೇ ಪರೀಕ್ಷೆ ಮಾಡಿ, ಅದರ ವಿವರದೊಂದಿಗೆ ಪಾಲಿಕೆಗೆ ಬರೆಯಿರಿ. ಅಲ್ಲಿಯವರೆಗೆ ಮನೆಯಿಂದ ಹೊರಹೋಗುವ ಪೈಪಿಗೆ ಹಿಮ್ಮುಖ ಹರಿವು ತಡೆಯುವ ವಾಲ್ವ್ ಹಾಕಿಸಿ. ಅದು ಮುಚ್ಚಿಕೊಂಡಿರುವಷ್ಟು ಹೊತ್ತು ನಿಮ್ಮ ಮನೆಯ ನೀರೂ ಹೊರಗೆ ಹೋಗದು, ಮಳೆ ನಿಲ್ಲುವವರೆಗೆ ಬಟ್ಟೆ ಒಗೆಯುವ ಯಂತ್ರ ಹಾಕಬೇಡಿ.