ಹಳಿ ದುರಸ್ತಿಗೆ ಜಾಸ್ತಿ ದುಡ್ಡು ಹಾಕಿದರೆ ಅಮೆರಿಕದಲ್ಲಿ ಗೂಡ್ಸ್ ರೈಲು ಹಳಿ ತಪ್ಪುವುದು ನಿಲ್ಲುತ್ತಾ?

ತುಂಬಾ ಕಮ್ಮಿಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಅಲ್ಲಿ ಬಹುಪಾಲು ಹಳಿಗಳ ಮಾಲೀಕರು ಗೂಡ್ಸ್ ರೈಲು ಕಂಪನಿಗಳೇ. ದುರಸ್ತಿಯ ಖರ್ಚೂ ಅವರದೇ. ಕೈ ಬಿಗಿಯಾದಾಗ ಈ ಖರ್ಚಿಗೆ ಕತ್ತರಿ ಹಾಕುವುದು ಸುಲಭ. ಹಳಿಯ ಕೆಳಗೆ ಅಡ್ಡ ಹಾಕುವ ದಿಮ್ಮಿಗಳನ್ನು (ಸ್ಲೀಪರ್) ಈ ವರ್ಷ ಬದಲಿಸದಿದ್ದರೆ ನಾಳೆಯೇ ರೈಲು ಬೀಳುವುದಿಲ್ಲ, ಅಲ್ವಾ? ಪೆನ್ ಸೆಂಟ್ರಲ್ ಎಂಬ ಅಮೆರಿಕದ ರೈಲು ಕಂಪನಿಯಲ್ಲಿ ಆಗಿದ್ದು ಇದೇ. ಅದು 1970ರಲ್ಲಿ ದಿವಾಳಿಯಾಯಿತು. ವರ್ಷಗಟ್ಟಲೆ ದುರಸ್ತಿ ಮುಂದೂಡಿ ಹಳಿ ಎಷ್ಟು ಹಾಳಾಗಿತ್ತೆಂದರೆ, ಸುಮ್ನೆ ನಿಂತಿದ್ದ ವ್ಯಾಗನ್‌ಗಳೂ ಕೆಳಗೆ ಜಾರುತ್ತಿದ್ದವು. ಎಷ್ಟೋ ಕಡೆ ರೈಲುಗಳು ಗಂಟೆಗೆ 10 ಮೈಲಿ ವೇಗದಲ್ಲಿ ತೆವಳಬೇಕಾಯಿತು. 1976ರಲ್ಲಿ ಸರ್ಕಾರ ಕಾನ್‌ರೇಲ್ ಎಂಬ ಹೊಸ ರೈಲು ಕಂಪನಿ ಶುರುಮಾಡಿ ನೂರಾರು ಕೋಟಿ ಡಾಲರ್ ಹಾಕಿದ ಮೇಲೆಯೇ ಸ್ಥಿತಿ ಸುಧಾರಿಸಿತು.

ಆದರೆ 2023ರ ಫೆಬ್ರವರಿ 3ರಂದು ಒಹಾಯೊದ ಈಸ್ಟ್ ಪ್ಯಾಲೆಸ್ಟೀನ್‌ನಲ್ಲಿ 38 ವ್ಯಾಗನ್‌ಗಳು ಹಳಿ ತಪ್ಪಿದ್ದು ಹಳಿಯ ದೋಷದಿಂದಲ್ಲ. ಒಂದು ಚಕ್ರದ ಬೇರಿಂಗ್ ಕಾದು ಮುರಿದಿತ್ತು. ಹಳಿ ಪಕ್ಕದ ಬಿಸಿ ಅಳೆಯುವ ಯಂತ್ರ ಎಚ್ಚರಿಸುವಷ್ಟರಲ್ಲಿ ತಡವಾಗಿತ್ತು. ಆ ಊರಿನವರು ವ್ಯಾಗನ್‌ಗಳಲ್ಲಿದ್ದ ರಾಸಾಯನಿಕಗಳ ವಿಷದ ಹೊಗೆಗೆ ಹೆದರಿ ಮನೆ ಬಿಟ್ಟು ಓಡಬೇಕಾಯಿತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ಒಟ್ಟು ಎಷ್ಟು ಖರ್ಚಾಯಿತು ಅನ್ನುವುದಕ್ಕಿಂತ ಎಲ್ಲಿ ಖರ್ಚಾಯಿತು ಎಂದು ನೋಡಬೇಕು. ಹಳಿಯೊಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಅಲ್ಟ್ರಾಸೌಂಡ್ ಗಾಡಿಯನ್ನು ಮತ್ತೆ ಮತ್ತೆ ಓಡಿಸಿ ಹುಡುಕಬೇಕು. ಬಿಸಿ ಅಳೆಯುವ ಯಂತ್ರಗಳನ್ನೂ ಹತ್ತಿರ ಹತ್ತಿರ ಇಡಬೇಕು.