ಸೇನೆಯಲ್ಲಿ ಡ್ರೈವರ್ ಆಗಿದ್ದವರು ಯುದ್ಧ ಬಿಟ್ಟು ರಸ್ತೆಯ ಮಾತೇ ಯಾಕೆ ಆಡುತ್ತಾರೆ?

ನಿಮ್ಮ ಸೋದರಮಾವ ಸೇನೆಯಲ್ಲಿ ಡ್ರೈವರ್ ಆಗಿದ್ದರು, ಪೆನ್ಷನ್ ಆಗಿ ಬಂದ ಮೇಲೆ ಲಾರಿ ಓಡಿಸುತ್ತಿದ್ದಾರೆ. ಹಳೆಯ ಸಂಗಡಿಗರು ಸಿಕ್ಕರೆ ನಡುರಾತ್ರಿವರೆಗೂ ಮಾತು. ಆದರೆ ಆ ಮಾತಿನಲ್ಲಿ ಯುದ್ಧ ಇಲ್ಲ, ಗುಂಡಿನ ಸದ್ದಿಲ್ಲ. ಬರೀ ರಸ್ತೆ, ಗಾಡಿ, ಹಿಮ. ನೀವು ಯುದ್ಧದ ಬಗ್ಗೆ ಕೇಳಿದರೆ "ಬಿಡೋ ಅದನ್ನ" ಅಂತಾರೆ. ಏನಾದರೂ ಮುಚ್ಚಿಡುತ್ತಿದ್ದಾರಾ ಅಂತ ಕೇಳಿದ್ದೀರಿ.

ಮುಚ್ಚಿಡುತ್ತಿಲ್ಲ. ಅವರು ಹೇಳುತ್ತಿರುವ ರಸ್ತೆಯೇ ಅವರ ಸೇವೆ. ನಾನೂ ಸೇನೆಗೆ ಸಾಮಾನು ಮುಟ್ಟಿಸುವ ಆರ್ಮಿ ಸರ್ವೀಸ್ ಕೋರ್‌ನಲ್ಲಿ ಡ್ರೈವರ್ ಆಗಿದ್ದೆ, ನಾವು ಎ.ಎಸ್.ಸಿ. ಅಂತೀವಿ. ಟ್ರೇನಿಂಗ್ ಬೆಂಗಳೂರಿನಲ್ಲೇ ಆಯಿತು. ಹವಾಲ್ದಾರ್ ಆಗಿ ಹೊರಗೆ ಬಂದೆ. ಈಗ ಹನ್ನೆರಡು ಚಕ್ರದ ಲಾರಿ ಓಡಿಸುತ್ತೇನೆ. ನಿಮ್ಮ ಮಾವನನ್ನು ನಾನು ನೋಡಿಲ್ಲ. ಆದರೂ ಅವರು ಏನು ಮಾತಾಡುತ್ತಾರೆ ಅಂತ ಚೆನ್ನಾಗಿ ಗೊತ್ತು.

ಸೇನೆ ಅಂದರೆ ಜನಕ್ಕೆ ಬಂದೂಕು ಹಿಡಿದವನೇ ಕಣ್ಣಿಗೆ ಬರುತ್ತಾನೆ. ತಪ್ಪಿಲ್ಲ, ಅವನೇ ಮುಂದೆ ಇರುವವನು. ಆದರೆ ಲಡಾಖ್‌ನಂಥ ಜಾಗದಲ್ಲಿ ಅವನು ನಿಂತಿರುವುದು ಯಾರೋ ಒಬ್ಬರು ಲಾರಿಯಲ್ಲಿ ತಂದಿಳಿಸಿದ ಸಾಮಾನಿನ ಮೇಲೆ. ಅಲ್ಲಿಗೆ ಹೋಗುವ ಹಳೆಯ ರಸ್ತೆಗಳು ಎರಡು. ಶ್ರೀನಗರದ ಕಡೆಯಿಂದ ಹೋದರೆ ಜೋಜಿಲಾ ಪಾಸ್ ದಾಟಬೇಕು, ಸುಮಾರು 3,500 ಮೀಟರ್ ಎತ್ತರ. ಮನಾಲಿ ಕಡೆಯಿಂದ ಹೋದರೆ ಬಾರಾಲಾಚಾ ಲಾ, ಆಮೇಲೆ ತಂಗ್ಲಂಗ್ ಲಾ. ತಂಗ್ಲಂಗ್ ಲಾ 5,300 ಮೀಟರ್ ದಾಟುತ್ತದೆ. ನಮ್ಮ ಕಾಲದಲ್ಲಿ ಹಿಮ ಬಿದ್ದರೆ ಎರಡೂ ತಿಂಗಳುಗಟ್ಟಲೆ ಬಂದ್. ಹಾಗಾಗಿ ಚಳಿಗಾಲಕ್ಕೆ ಬೇಕಾದ ಅಕ್ಕಿ, ಹಿಟ್ಟು, ಸೀಮೆಎಣ್ಣೆ, ಡೀಸೆಲ್, ಮದ್ದುಗುಂಡು, ಟೆಂಟು, ಔಷಧಿ ಎಲ್ಲವನ್ನೂ ರಸ್ತೆ ತೆರೆದಿರುವಾಗಲೇ ಮೇಲಕ್ಕೆ ಮುಟ್ಟಿಸಬೇಕು. ಇದಕ್ಕೆ ವಿಂಟರ್ ಸ್ಟಾಕಿಂಗ್ ಅಂತಾರೆ. ಬೇಸಿಗೆ ಪೂರ್ತಿ ಇದೇ ಕೆಲಸ. ಒಂದು ಲೋಡ್ ಇಳಿಸಿ ಕೆಳಗೆ ಬರುವಷ್ಟರಲ್ಲಿ ಮುಂದಿನದು ಕಾದಿರುತ್ತದೆ.

ಕಾರ್ಗಿಲ್ ಯುದ್ಧದ ಮಾತು ತಗೊಳ್ಳಿ. ನಾನು ಸೇರಿದ್ದು ಅದಾದ ಮೇಲೆ, ನನಗೆ ಕಲಿಸಿದ ಉಸ್ತಾದರು ಅಲ್ಲಿದ್ದವರು. 1999ರ ಮೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಮೇಲಿನ ಶಿಖರಗಳಲ್ಲಿ ಶತ್ರು ಕೂತಿದ್ದ. ಅಲ್ಲಿಂದ ಶ್ರೀನಗರ-ಲೇಹ್ ಹೆದ್ದಾರಿ ಅಂಗೈ ಹಾಗೆ ಕಾಣುತ್ತಿತ್ತು. ಹಗಲು ಗಾಡಿ ಹೋದರೆ ಶೆಲ್ ಬೀಳುತ್ತಿತ್ತು. ಅದಕ್ಕೆ ರಾತ್ರಿ, ಹೆಡ್‌ಲೈಟ್ ಹಾಕದೆ ಹೋಗುತ್ತಿದ್ದರು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಪ್ರಪಾತ, ಹಿಂದೆ ಲೋಡ್ ಮದ್ದುಗುಂಡು. ಆ ಯುದ್ಧದಲ್ಲಿ ಬೋಫೋರ್ಸ್ ತೋಪುಗಳ ಕೆಲಸ ಎಲ್ಲರಿಗೂ ಗೊತ್ತು. ನಮ್ಮ ಕಡೆಯಿಂದ ಎರಡೂವರೆ ಲಕ್ಷಕ್ಕೂ ಹೆಚ್ಚು ಶೆಲ್, ಬಾಂಬ್, ರಾಕೆಟ್ ಹಾರಿಸಿದ ಲೆಕ್ಕ ಇದೆ. ಬೋಫೋರ್ಸಿನ ಒಂದು ಶೆಲ್ಲೇ 40 ಕಿಲೋ ಮೇಲೆ ತೂಗುತ್ತದೆ. ಅಷ್ಟು ಭಾರ ಆ ಬೆಟ್ಟದ ಬುಡಕ್ಕೆ ಬಂದದ್ದು ಲಾರಿಯಲ್ಲಿ. ನಮ್ಮ ಉಸ್ತಾದರಿಗೆ ಟೈಗರ್ ಹಿಲ್ ಯಾವ ದಿನ ಕೈಗೆ ಬಂತು ಅನ್ನುವುದಕ್ಕಿಂತ, ಯಾವ ತಿರುವಿನಲ್ಲಿ ಎಷ್ಟು ಎಡಕ್ಕೆ ಹಿಡಿಯಬೇಕಿತ್ತು ಅನ್ನುವುದೇ ಚೆನ್ನಾಗಿ ನೆನಪಿತ್ತು. ನೀವು ಅವರನ್ನು ಯುದ್ಧದ ಬಗ್ಗೆ ಕೇಳಿದ್ದರೆ ಆ ತಿರುವಿನ ಬಗ್ಗೆಯೇ ಹೇಳುತ್ತಿದ್ದರು. ನೀವು ವಿಷಯ ಬದಲಾಯಿಸಿದರು ಅಂದುಕೊಳ್ಳುತ್ತಿದ್ದಿರಿ, ಅಲ್ವಾ?

ಗಾಡಿಗಳ ಮಾತೂ ಹಾಗೆ. ನನಗಿಂತ ಹಿಂದಿನವರು ಶಕ್ತಿಮಾನ್ ಅಂದರೆ ಕಣ್ಣರಳಿಸುತ್ತಾರೆ. ಜಬಲ್ಪುರದ ಕಾರ್ಖಾನೆಯಲ್ಲಿ 1959ರಿಂದ ತಯಾರಾದ ಲಾರಿ ಅದು, ಜರ್ಮನಿಯ ಮಾನ್ ಕಂಪನಿಯ ವಿನ್ಯಾಸ. ನಾನು ಜಾಸ್ತಿ ಓಡಿಸಿದ್ದು ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್. ಸೇನೆಯ ನಂಬರ್ ಪ್ಲೇಟ್ ನೋಡಿದ್ದೀರಲ್ಲ, ಮೊದಲಿಗೆ ಮೇಲ್ಮುಖದ ಬಾಣದ ಗುರುತು, ಆಮೇಲೆ ವರ್ಷದ ಎರಡು ಅಂಕಿ. ನನ್ನ ಮೊದಲ ಗಾಡಿಯ ನಂಬರ್ ಈಗಲೂ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಈಗಿನ ಲಾರಿಯ ನಂಬರ್ ಬೇಕೆಂದರೆ ಆರ್‌ಸಿ ನೋಡಿಯೇ ಹೇಳುವುದು.

ಚಳಿಯ ಬೆಳಿಗ್ಗೆ ಒಂದನ್ನು ಹತ್ತಿರದಿಂದ ಹೇಳುತ್ತೇನೆ. ದ್ರಾಸ್ ಕಡೆ ಚಳಿಗಾಲದಲ್ಲಿ ಮೈನಸ್ 20 ಡಿಗ್ರಿ ಸಾಮಾನ್ಯ. ಆ ಚಳಿಗೆ ಮಾಮೂಲಿ ಡೀಸೆಲ್‌ನಲ್ಲಿರುವ ಮೇಣ ಗಟ್ಟಿಯಾಗುತ್ತದೆ. ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಇಂಜಿನ್‌ಗೆ ಎಣ್ಣೆ ಹೋಗುವುದಿಲ್ಲ. ಸೀಮೆಎಣ್ಣೆ ಬೆರೆಸುತ್ತಿದ್ದೆವು. ಕೆಲವು ರಾತ್ರಿ ಸರದಿ ಹಾಕಿಕೊಂಡು ಎದ್ದು, ಆಗಾಗ ಇಂಜಿನ್ ಸ್ಟಾರ್ಟ್ ಮಾಡಿ ಬಿಡುತ್ತಿದ್ದೆವು. ಮೈನಸ್ 33ರವರೆಗೂ ಹರಿಯುವ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಲಡಾಖ್‌ಗೆ ಕೊಟ್ಟದ್ದು 2019ರ ನವೆಂಬರ್‌ನಲ್ಲಿ. ಅದಕ್ಕಿಂತ ಮುಂಚೆ ನಮ್ಮ ಬೆಳಗು ಶುರುವಾಗುತ್ತಿದ್ದದ್ದೇ ಟ್ಯಾಂಕು, ಪೈಪು ಬೆಚ್ಚಗೆ ಮಾಡುವುದರಿಂದ. ಹಿಮದ ಮೇಲೆ ಹೋಗಬೇಕಾದರೆ ಚಕ್ರಕ್ಕೆ ಚೈನ್ ಕಟ್ಟಬೇಕು. ಗ್ಲೌಸ್ ಹಾಕಿಕೊಂಡರೆ ಕೊಂಡಿ ಕೂರುವುದಿಲ್ಲ. ಬರಿಗೈಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಅಂಟಿಕೊಂಡು ಬರುತ್ತದೆ. ಒಬ್ಬ ಕೊಂಡಿ ಹಾಕುವಾಗ ಇನ್ನೊಬ್ಬ ಅವನ ಗ್ಲೌಸನ್ನು ತನ್ನ ಜಾಕೆಟ್ ಒಳಗೆ ಬೆಚ್ಚಗೆ ಇಟ್ಟುಕೊಳ್ಳುತ್ತಾನೆ. ಆಮೇಲೆ ಅದಲು ಬದಲು. ನಾನು, ನನ್ನ ಕೋ-ಡ್ರೈವರ್ ಹೀಗೆ ಎಷ್ಟು ಬೆಳಗು ಕಳೆದಿದ್ದೇವೋ. ಅವನ ಭಾಷೆ ನನಗೆ ಬರುತ್ತಿರಲಿಲ್ಲ, ನನ್ನದು ಅವನಿಗೆ ಬರುತ್ತಿರಲಿಲ್ಲ. ಇಬ್ಬರದೂ ಹರಕು ಹಿಂದಿ. ಇವತ್ತಿಗೂ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ.

ದಿನಾ ಮೂರು ಸಲ ಗಾಡಿ ತಪಾಸಣೆ ಇರುತ್ತಿತ್ತು. ಹೊರಡುವ ಮುಂಚೆ ಫಸ್ಟ್ ಪರೇಡ್, ದಾರಿಯಲ್ಲಿ ನಿಂತಾಗ ಹಾಲ್ಟ್ ಪರೇಡ್, ಮುಗಿದ ಮೇಲೆ ಲಾಸ್ಟ್ ಪರೇಡ್. ಆಯಿಲ್, ನೀರು, ಗಾಳಿ, ಬ್ರೇಕು, ಲೈಟು, ಕೆಳಗೆ ಎಲ್ಲಾದರೂ ತೊಟ್ಟಿಕ್ಕುತ್ತಿದೆಯಾ ಅಂತ. ನಿಂತ ಕೂಡಲೇ ಪ್ರತಿ ಚಕ್ರದ ಹಬ್, ಅಂದರೆ ನಡುಭಾಗದ ಹತ್ತಿರ ಮುಂಗೈ ಹಿಡಿಯಬೇಕು. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬೇರಿಂಗ್ ಹೋಗುತ್ತಿದೆ, ಇಲ್ಲವೇ ಬ್ರೇಕ್ ಕಚ್ಚಿಕೊಂಡಿದೆ. "ಮೊದಲು ಗಾಡಿಗೆ ನೀರು, ಆಮೇಲೆ ನಿನಗೆ ಚಹಾ" ಅನ್ನುತ್ತಿದ್ದರು ಉಸ್ತಾದರು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ನಾವು ಹೊರಗೆ ಬಂದ ಮೇಲೆ ಕಳೆದುಕೊಂಡದ್ದು ಕಾನ್ವಾಯ್, ಅಂದರೆ ಒಟ್ಟಿಗೆ ಹೋಗುವ ಗಾಡಿಗಳ ಸಾಲು. ಬೆಳಕು ಹರಿಯುವ ಮುಂಚೆ ಟ್ರಾನ್ಸಿಟ್ ಕ್ಯಾಂಪಿನಲ್ಲಿ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಕಾನ್ವಾಯ್ ಕಮಾಂಡರ್ ಎಲ್ಲರನ್ನೂ ಸೇರಿಸಿ ಹೇಳುತ್ತಾರೆ: ಎಲ್ಲಿ ರಸ್ತೆ ಕುಸಿದಿದೆ, ಎಲ್ಲಿ ಹಾಲ್ಟ್, ಗಾಡಿ ಗಾಡಿ ನಡುವೆ ಎಷ್ಟು ಅಂತರ. ಕಾಶ್ಮೀರದಲ್ಲಾದರೆ ರೋಡ್ ಓಪನಿಂಗ್ ಪಾರ್ಟಿಯವರು ರಸ್ತೆ ತಪಾಸಣೆ ಮುಗಿಸಿ ಸರಿ ಅಂದ ಮೇಲೇ ಹೊರಡುವುದು. ಸಾಲಿನ ಕೊನೆಯಲ್ಲಿ ರಿಕವರಿ ಗಾಡಿ, ಅದರಲ್ಲಿ ಮೆಕ್ಯಾನಿಕ್‌ಗಳು. ನಿಮ್ಮ ಗಾಡಿ ಕೆಟ್ಟರೆ ಪಕ್ಕಕ್ಕೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲುತ್ತೀರಿ. ಉಳಿದವರು ಮುಂದೆ ಹೋಗುತ್ತಾರೆ. ನಿಮಗೆ ಗಾಬರಿ ಆಗುವುದಿಲ್ಲ. ಹಿಂದೆ ರಿಕವರಿ ಬರುತ್ತಿದೆ, ಅದು ನಿಮ್ಮನ್ನು ದಾಟಿ ಹೋಗುವುದಿಲ್ಲ ಅಂತ ಗೊತ್ತು. ರಿಪೇರಿ ಆದರೆ ಓಡಿಸಿಕೊಂಡು, ಆಗದಿದ್ದರೆ ಎಳೆಸಿಕೊಂಡು, ಅಂತೂ ರಾತ್ರಿ ಊಟದ ಹೊತ್ತಿಗೆ ಎಲ್ಲರ ಜೊತೆ ಇರುತ್ತೀರಿ. ನನ್ನ ಒಬ್ಬ ಕಮಾಂಡರ್ ಸಾಹೇಬರು ಕೊನೆಯ ಗಾಡಿ ಒಳಗೆ ಬರುವವರೆಗೂ ತಟ್ಟೆ ಮುಟ್ಟುತ್ತಿರಲಿಲ್ಲ.

ಸಿವಿಲ್ ಲಾರಿಯಲ್ಲಿ ಈ ಭರವಸೆ ಇಲ್ಲ. ಒಂದು ರಾತ್ರಿ ಹೆದ್ದಾರಿಯಲ್ಲಿ ನನ್ನ ಗಾಡಿಯ ಕ್ಲಚ್ ಪ್ಲೇಟ್ ಸುಟ್ಟುಹೋಯಿತು. ಮಾಲೀಕರಿಗೆ ಫೋನ್ ಮಾಡಿದೆ. "ಗಾಡಿ ಬಿಟ್ಟು ಎಲ್ಲೂ ಹೋಗಬೇಡ, ಬೆಳಿಗ್ಗೆ ನೋಡೋಣ" ಅಂದರು. ಅವರೂ ಕೆಟ್ಟವರಲ್ಲ. ಆದರೆ ಡೀಸೆಲ್ ಕಳ್ಳರು ಬಂದಾರು ಅಂತ ರಾತ್ರಿಯೆಲ್ಲಾ ಎದ್ದು ಕೂತವನು ನಾನೊಬ್ಬನೇ. ನೂರಾರು ಲಾರಿ ಪಕ್ಕದಲ್ಲೇ ಹೋದವು. ನಿಲ್ಲಿಸಿದರೆ ಅವರಿಗೂ ಟೈಮಿಗೆ ಮುಟ್ಟುವುದಕ್ಕಾಗಲ್ಲ, ಬಾಟಾ ಕಟ್ ಆಗುತ್ತದೆ. ಯಾರನ್ನೂ ದೂರುತ್ತಿಲ್ಲ. ಈ ಕೆಲಸ ನಡೆಯುವುದೇ ಹಾಗೆ. ಲೋಡಿಂಗ್ ಜಾಗದಲ್ಲಿ ಎರಡು ದಿನ ಕಾಯಿಸುತ್ತಾರೆ, ಆಮೇಲೆ ಆ ಎರಡು ದಿನವನ್ನು ರಸ್ತೆಯಲ್ಲಿ ಹೊಂದಿಸು ಅಂತಾರೆ. ದೇಶಕ್ಕೆ ಬೇಕಾದ ಸರಕನ್ನೇ ಇವರೂ ಹೊರುತ್ತಾರೆ. ಇವರಿಗೂ ಹಿಂದೆ ಒಂದು ರಿಕವರಿ ಗಾಡಿ ಇರಬೇಕಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

ಅದಕ್ಕೇ ಹಳೆಯ ಎ.ಎಸ್.ಸಿ.ಯವರು ಸಿಕ್ಕರೆ ಬಿಡುವುದಿಲ್ಲ. ಢಾಬಾದಲ್ಲಿ ಗಾಡಿ ನಿಲ್ಲಿಸಿದ ರೀತಿ ನೋಡಿದರೇ ಗುರುತು ಸಿಗುತ್ತದೆ. ಮುಖ ಹೊರಕ್ಕೆ, ಚಕ್ರಕ್ಕೆ ಕಲ್ಲು, ಇಳಿದ ಕೂಡಲೇ ಹಬ್ ಹತ್ತಿರ ಕೈ. ಹೋಗಿ "ಯಾವ ಬೆಟಾಲಿಯನ್?" ಅಂದರೆ ಸಾಕು. ಅಲ್ಲಿಂದ ಲಡಾಖ್ ದಾರಿಯ ಗುಮ್ರಿ, ಮೀನಾಮಾರ್ಗ್, ಫೋಟುಲಾ, ಖರ್ದುಂಗ್ ಲಾ ಒಂದೊಂದೇ ಮಾತಿಗೆ ಬರುತ್ತವೆ. ಕೆಲವರು ಈಶಾನ್ಯದಲ್ಲಿದ್ದವರು, ಅವರು ತವಾಂಗ್ ದಾರಿಯ ಸೆಲಾ ಪಾಸಿನ ಮಂಜು ಹೇಳುತ್ತಾರೆ. ಅಲ್ಲಿ ಈಗ ಸುರಂಗ ಆಗಿದೆ, 2024ರಲ್ಲಿ ತೆರೆಯಿತು. ಮನಾಲಿ ದಾರಿಯ ರೋಹ್ತಾಂಗ್ ಪಾಸಿನ ಕೆಳಗೆ ಅಟಲ್ ಸುರಂಗ 2020ರಲ್ಲಿ ಬಂತು, 9 ಕಿಲೋಮೀಟರ್. ಈಗಿನ ಹುಡುಗರು ಗಂಟೆಗಟ್ಟಲೆಯ ದಾರಿಯನ್ನು ನಿಮಿಷಗಳಲ್ಲಿ ದಾಟುತ್ತಾರೆ. ಕೇಳಿ ತುಂಬಾ ಸಂತೋಷ ಆಗುತ್ತದೆ.

2020ರಲ್ಲಿ ಲಡಾಖ್‌ನ ಗಲ್ವಾನ್‌ನಲ್ಲಿ ಚೀನಾ ಸೈನಿಕರ ಜೊತೆ ಗಲಾಟೆ ಆದಾಗ ನಾನು ಹೊರಗೆ ಬಂದಾಗಿತ್ತು. ಸುಮಾರು 50,000 ಸೈನಿಕರು ಚಳಿಗಾಲ ಪೂರ್ತಿ ಅಲ್ಲೇ ಇರುತ್ತಾರೆ ಅಂತ ಸುದ್ದಿ ಬಂತು. ಟಿವಿಯಲ್ಲಿ ಯುದ್ಧ ಆಗುತ್ತಾ ಇಲ್ವಾ ಅಂತ ಚರ್ಚೆ. ನಮ್ಮ ಫೋನ್ ಮಾತೆಲ್ಲಾ ಬೇರೆ. ಇಷ್ಟು ಜನಕ್ಕೆ ಎಷ್ಟು ಸೀಮೆಎಣ್ಣೆ ಬೇಕು? ಹಿಮ ಬೀಳುವಷ್ಟರಲ್ಲಿ ಟೆಂಟುಗಳು ಮುಟ್ಟುತ್ತವಾ? ಡ್ರೈವರ್‌ಗಳಿಗೆ ನಿದ್ದೆ ಸಿಗುತ್ತಿದೆಯಾ? ಮೇಲೆ ಹೋದವರನ್ನು ಮೊದಲು ಎತ್ತರಕ್ಕೆ ಒಗ್ಗಿಸಬೇಕು. ಮೊದಲ ಹಂತಕ್ಕೇ ಆರು ದಿನ ಹಿಡಿಯುತ್ತದೆ. ಆ ಲೆಕ್ಕ ಗೊತ್ತಿದ್ದವರಿಗೆ ಆ ಬೇಸಿಗೆಯಲ್ಲಿ ಡ್ರೈವರ್‌ಗಳು ಏನು ಮಾಡಿದರು ಅನ್ನುವುದೂ ಗೊತ್ತು.

ಇನ್ನು "ಬಿಡೋ ಅದನ್ನ" ಅನ್ನುವ ಮಾತು. ಅದಕ್ಕೂ ಒಂದು ಕಾರಣ ಇರಬಹುದು. ಆ ರಸ್ತೆಗಳಲ್ಲಿ ಜನ ಸತ್ತಿದ್ದಾರೆ. ಹಿಮ ಜಾರಿ, ಬಂಡೆ ಉರುಳಿ, ಗಾಡಿ ಕಣಿವೆಗೆ ಹೋಗಿ. ನನ್ನ ಜೊತೆ ಟ್ರೇನಿಂಗ್ ಮಾಡಿದ ಒಬ್ಬ ಹಾಗೇ ಹೋದ. ನನ್ನ ಹೆಂಡತಿಗೆ ಅದನ್ನು ಹೇಳಿದ್ದು ಎಷ್ಟೋ ವರ್ಷ ಆದ ಮೇಲೆ. ನಿಮ್ಮ ಮಾವನ ಮನಸ್ಸಿನಲ್ಲೂ ಅಂಥ ಹೆಸರು ಇದ್ದರೆ, ಅವರಾಗಿ ಹೇಳುವವರೆಗೆ ಒತ್ತಾಯ ಮಾಡಬೇಡಿ.

ಹಾಗಂತ ಕೇಳುವುದನ್ನೇ ಬಿಡಬೇಡಿ. ಸುಮ್ನೆ ಪ್ರಶ್ನೆ ಬದಲಾಯಿಸಿ. "ಯುದ್ಧ ನೋಡಿದ್ದೀಯಾ ಮಾವ" ಅನ್ನುವ ಬದಲು "ಮೊದಲು ಯಾವ ಗಾಡಿ ಕೊಟ್ಟರು, ಅದರ ನಂಬರ್ ಎಷ್ಟು" ಅಂತ ಕೇಳಿ. ಕೋ-ಡ್ರೈವರ್ ಯಾರಿದ್ದರು ಅಂತ ಕೇಳಿ. ಜೋಜಿಲಾ ಇಳಿಯುವಾಗ ಯಾವ ಗೇರ್‌ನಲ್ಲಿ ಇಳಿಸುತ್ತಿದ್ದರು ಅಂತ ಕೇಳಿ. ಘಾಟಿ ಹತ್ತುವ ಗೇರ್‌ನಲ್ಲೇ ಇಳಿಯಬೇಕು ಅಂತ ಹೇಳುತ್ತಾರೆ ನೋಡಿ. ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುವವರನ್ನು ಬೈಯುತ್ತಾರೆ. ಬ್ರೇಕನ್ನೇ ನಂಬಿ ಇಳಿದರೆ ಡ್ರಮ್ ಕಾದು ಹಿಡಿತ ಹೋಗುತ್ತದೆ ಅಂತ ವಿವರಿಸುತ್ತಾರೆ. ಮ್ಯಾಪ್ ತೆಗೆದು ಪಕ್ಕದಲ್ಲಿಟ್ಟರೆ ಇನ್ನೂ ಒಳ್ಳೆಯದು, ಬೆರಳಿಟ್ಟು ತೋರಿಸುತ್ತಾರೆ.

ಇನ್ನೂ ಚೆನ್ನಾಗಿ ಕೇಳಬೇಕಾದರೆ ರಜೆಯಲ್ಲಿ ಅವರ ಜೊತೆ ಒಂದು ಟ್ರಿಪ್ ಹೋಗಿ. ಮಾಲೀಕರನ್ನು ಒಂದು ಮಾತು ಕೇಳಿಕೊಳ್ಳಲು ಹೇಳಿ. ಶಿರಾಡಿಯೋ ಅರಬೈಲೋ ಘಾಟಿ ಇಳಿಯುವಾಗ ಮಾತಾಡಿಸಬೇಡಿ. ಕೆಳಗೆ ನಿಲ್ಲಿಸಿ ಹಬ್‌ಗಳನ್ನು ನೋಡಿ ಬರುತ್ತಾರೆ. ಆಗ ಕೇಳಿ.